ಗೆಜ್ಜಲಗೆರೆಯಿಂದ ಸಂಶೋಧನಾಲಯಕ್ಕೆ ಎಷ್ಟು ದೂರ?

2023ರ ಮಾರ್ಚ್ 12ರಂದು ಪ್ರಧಾನಿ ನರೇಂದ್ರ ಮೋದಿಯವರು ಮದ್ದೂರು ತಾಲೂಕಿನ ಗೆಜ್ಜಲಗೆರೆಯಲ್ಲಿ ಬೃಹತ್ ಸಭೆಯನ್ನುದ್ದೇಶಿಸಿ ಮಾತನಾಡಿ ಬೆಂಗಳೂರು-ಮೈಸೂರು ಹೆದ್ದಾರಿಯನ್ನು ಲೋಕಾರ್ಪಣೆಗೊಳಿಸಿದರು. ಉದ್ದ 118 ಕಿಲೋಮೀಟರ್, ವೆಚ್ಚ ಸುಮಾರು 8,480 ಕೋಟಿ ರೂಪಾಯಿ. ಮೂರು ತಾಸಿನ ದಾರಿ ಒಂದೂಕಾಲು ತಾಸಿನಲ್ಲಿ ಸವೆಯುವುದೆಂದು ಅಂದು ಹೇಳಲಾಯಿತು. ಆ ಭೇಟಿಯ ಸ್ವಾಗತಕ್ಕಾಗಿ ಮಂಡ್ಯದಲ್ಲಿ ಕಟ್ಟಿದ್ದ ದ್ವಾರವೊಂದಕ್ಕೆ ಉರಿಗೌಡ-ನಂಜೇಗೌಡ ಎಂಬ ಹೆಸರನ್ನಿಟ್ಟು, ಆಕ್ಷೇಪ ಬಂದೊಡನೆ ಅದನ್ನು ಬದಲಾಯಿಸಿದ್ದು ಓದುಗರಿಗೆ ನೆನಪಿರಬಹುದು. 1799ರ ಮೇ 4ರಂದು ಶ್ರೀರಂಗಪಟ್ಟಣದಲ್ಲಿ ಬ್ರಿಟಿಷ್ ಸೈನ್ಯದೆದುರು ಹೋರಾಡುತ್ತಾ ಮಡಿದ ಟಿಪ್ಪು ಸುಲ್ತಾನರನ್ನು ವಾಸ್ತವದಲ್ಲಿ ಕೊಂದವರು ಒಕ್ಕಲಿಗ ಸಮುದಾಯದ ಈ ಇಬ್ಬರು ಎಂಬುದು ಚುನಾವಣೆಯ ಹೊಸ್ತಿಲಲ್ಲಿ ಹುಟ್ಟಿಕೊಂಡ ಕಥೆ. ಸಚಿವರೊಬ್ಬರು ಅದನ್ನು ಸಿನಿಮಾ ಮಾಡಲೂ ಹೊರಟರು. ಕೊನೆಗೆ ಆದಿಚುಂಚನಗಿರಿ ಮಠದ ನಿರ್ಮಲಾನಂದನಾಥ ಸ್ವಾಮೀಜಿಯವರು ಮಧ್ಯೆ ಪ್ರವೇಶಿಸಿ, ದಾಖಲೆಗಳಿಲ್ಲದೆ ಇಂತಹ ಮಾತು ಸಲ್ಲದೆಂದು ತಿಳಿ ಹೇಳಿದ ಮೇಲೆಯೇ ಆ ಯೋಜನೆ ನಿಂತಿತು.

ಒಬ್ಬ ಮಠಾಧಿಪತಿಯ ನ್ಯಾಯಪ್ರಜ್ಞೆಗೆ ಮುಸ್ಲಿಮ್ ಸಮುದಾಯವು ಕೃತಜ್ಞವಾಗಿರಬೇಕಾದುದು ಸಹಜ. ಆದರೆ ಆ ದಿನಗಳಲ್ಲಿ ಇನ್ನೊಂದು ಪ್ರಶ್ನೆಯನ್ನೂ ನಾವು ಕೇಳಿಕೊಳ್ಳಬೇಕಿತ್ತು. ದಾಖಲೆ ಎಲ್ಲಿದೆ ಎಂದು ಕೇಳುವವರು ಸಿಕ್ಕರು. ದಾಖಲೆ ಇಲ್ಲಿದೆ ಎಂದು ತೆರೆದು ತೋರಿಸಬಲ್ಲವರು ನಮ್ಮಲ್ಲಿ ಎಷ್ಟು ಮಂದಿ ಇದ್ದರು? ಹೈದರ್ ಮತ್ತು ಟಿಪ್ಪುವಿನ ಕಾಲದ ಬಗ್ಗೆ ಜೀವಮಾನವಿಡೀ ಅಧ್ಯಯನ ನಡೆಸಿದ, ಮಂಗಳೂರು ಹಾಗೂ ಗೋವಾ ವಿಶ್ವವಿದ್ಯಾನಿಲಯಗಳ ಪ್ರಥಮ ಕುಲಪತಿಯಾಗಿದ್ದ ಪ್ರೊ. ಬಿ. ಶೇಖ್ ಅಲಿಯವರು 2022ರಲ್ಲಿ ಮೈಸೂರಿನಲ್ಲಿ ನಿಧನರಾದರು. ಟಿಪ್ಪು ಆಡಳಿತದ ಭಾಷೆ ಪಾರ್ಸಿ. ಅಂದಿನ ಮರಾಠರ ಕಾಗದಪತ್ರಗಳು ಮೋಡಿ ಲಿಪಿಯಲ್ಲಿವೆ. ಬ್ರಿಟಿಷರ ದಾಖಲೆಗಳು ಇಂಗ್ಲಿಷಿನಲ್ಲಿವೆ. ಸ್ಥಳೀಯ ಕೈಫಿಯತ್ತುಗಳು, ಶಾಸನಗಳು ಕನ್ನಡದಲ್ಲಿವೆ. ಇವನ್ನೆಲ್ಲ ಓದಬಲ್ಲ ಇಪ್ಪತ್ತೈದರ ಹರೆಯದ ಒಬ್ಬ ಯುವಕ ಅಥವಾ ಯುವತಿಯನ್ನು ಶ್ರೀರಂಗಪಟ್ಟಣ, ಮಂಡ್ಯ, ಮದ್ದೂರು, ಮಳವಳ್ಳಿಗಳ ಮೊಹಲ್ಲಾಗಳಲ್ಲಿ ಹುಡುಕಿದರೆ ಸಿಗುವರೇ? ಟಿಪ್ಪುವಿನ ಚಿತ್ರವಿರುವ ಫ್ಲೆಕ್ಸುಗಳು ಮಾತ್ರ ಬೇಕಾದಷ್ಟು ಸಿಗುತ್ತವೆ.

ಪದವಿ ವಿದ್ಯಾರ್ಥಿಗಳ ಮುಂದಿರುವ ಸಂಶೋಧನಾ ಅವಕಾಶಗಳ ಕುರಿತು ಮಾತನಾಡುವಾಗ ಇದನ್ನು ಪ್ರಸ್ತಾಪಿಸಲು ಕಾರಣವಿದೆ. ಸಂಶೋಧನೆಯೆಂಬುದು ಶ್ರೀಮಂತರ ಹವ್ಯಾಸ, ನಮಗೆ ಬೇಕಾದುದು ತಕ್ಷಣದ ಸಂಪಾದನೆ ಎಂಬ ಭಾವನೆ ಪಟ್ಟಣದ ಮುಸ್ಲಿಮ್ ಕುಟುಂಬಗಳಲ್ಲಿ ಆಳವಾಗಿ ಬೇರೂರಿದೆ. ಅದರ ಬೆಲೆಯನ್ನು ಇಡೀ ಸಮುದಾಯವು ತೆರುತ್ತಿದೆ.

ಈ ವಿಚಾರದಲ್ಲಿ ಸರಕಾರಗಳ ನಡೆಯಂತೂ ವಿದ್ಯಾರ್ಥಿಗಳನ್ನು ಗೊಂದಲದಲ್ಲಿ ಕೆಡವುವಂಥದ್ದು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಎಲ್ಲರಿಗಿಂತ ಮೊದಲು ಜಾರಿಗೊಳಿಸಿದ ಹಿರಿಮೆಗಾಗಿ ಅಂದಿನ ಬಿಜೆಪಿ ಸರಕಾರವು 2021-22ರಲ್ಲಿ ತರಾತುರಿಯಿಂದ ನಾಲ್ಕು ವರ್ಷಗಳ ಆನರ್ಸ್ ಪದವಿಯನ್ನು ತಂದಿತು. ಪಠ್ಯಪುಸ್ತಕಗಳಿಲ್ಲ, ಪ್ರಯೋಗಾಲಯಗಳಿಲ್ಲ, ಸಾವಿರಾರು ಅತಿಥಿ ಉಪನ್ಯಾಸಕರ ಹೆಗಲ ಮೇಲೆಯೇ ಸರಕಾರಿ ಪ್ರಥಮ ದರ್ಜೆ ಕಾಲೇಜುಗಳು ನಿಂತಿವೆ ಎಂಬುದನ್ನು ಯಾರೂ ಲೆಕ್ಕಿಸಲಿಲ್ಲ. ಅನಂತರ ಬಂದ ಕಾಂಗ್ರೆಸ್ ಸರಕಾರವು ಪ್ರೊ. ಸುಖದೇವ್ ಥೋರಟ್ ನೇತೃತ್ವದ ಆಯೋಗದ ಮಧ್ಯಂತರ ವರದಿಯನ್ನಾಧರಿಸಿ 2024ರ ಮೇ ತಿಂಗಳಲ್ಲಿ ಆದೇಶ ಹೊರಡಿಸಿ, 2024-25ರಿಂದ ಮತ್ತೆ ಮೂರು ವರ್ಷಗಳ ಪದವಿಗೆ ಮರಳಿತು. ನಡುವಿನ ಮೂರು ತಂಡಗಳ, ಅಂದರೆ 2021-22, 2022-23 ಮತ್ತು 2023-24ರಲ್ಲಿ ಪ್ರವೇಶ ಪಡೆದವರಿಗೆ ಮಾತ್ರ ನಾಲ್ಕನೇ ವರ್ಷದ ಆಯ್ಕೆಯನ್ನು ಉಳಿಸಲಾಯಿತು. ಬಡ ಕುಟುಂಬದ ವಿದ್ಯಾರ್ಥಿಗೆ ಒಂದು ಹೆಚ್ಚುವರಿ ವರ್ಷವು ಹೊರೆಯೆಂಬ ಸರಕಾರದ ವಾದದಲ್ಲಿ ಹುರುಳಿದೆ. ಆದರೆ ಅದರ ಇನ್ನೊಂದು ಮುಖವನ್ನೂ ನೋಡಬೇಕು. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗದ 2022ರ ನಿಯಮಾವಳಿಯಂತೆ ನಾಲ್ಕು ವರ್ಷಗಳ ಪದವಿಯಲ್ಲಿ ಶೇ. 75 ಅಂಕ ಗಳಿಸಿದವರು ಸ್ನಾತಕೋತ್ತರ ಪದವಿಯಿಲ್ಲದೆಯೇ ನೇರವಾಗಿ ಪಿಎಚ್‌ಡಿಗೆ ಅರ್ಜಿ ಸಲ್ಲಿಸಬಹುದು. ಇತರ ಹಿಂದುಳಿದ ವರ್ಗ ಹಾಗೂ ಪರಿಶಿಷ್ಟರಿಗೆ ಶೇ. 5ರ ರಿಯಾಯಿತಿಯಿದೆ. 2024ರಿಂದ ಅವರು ಎನ್‌ಇಟಿ ಪರೀಕ್ಷೆಯನ್ನೂ ಬರೆಯಬಹುದು. ಅದರಲ್ಲಿ ಕಿರಿಯ ಸಂಶೋಧನಾ ಫೆಲೋಶಿಪ್‌ಗೆ ಅರ್ಹರಾದರೆ ಮೊದಲೆರಡು ವರ್ಷ ತಿಂಗಳಿಗೆ 37,000 ರೂಪಾಯಿ, ಬಳಿಕ 42,000 ರೂಪಾಯಿ. ಇದು ನಮ್ಮ ಅನೇಕ ಹುಡುಗರು ಕೊಲ್ಲಿ ರಾಷ್ಟ್ರಗಳ ಅಂಗಡಿಗಳಲ್ಲಿ ದುಡಿದು ಊರಿಗೆ ಕಳುಹಿಸುವ ಮೊತ್ತಕ್ಕಿಂತ ಕಡಿಮೆಯೇನಲ್ಲ.

ವಿಪರ್ಯಾಸವೆಂದರೆ, ಬಾಗಿಲು ತೆರೆದದ್ದೂ ಮುಚ್ಚಿದ್ದೂ ನಮ್ಮ ಬಹುಪಾಲು ಹೆತ್ತವರಿಗೆ ತಿಳಿಯಲೇ ಇಲ್ಲ. ಮೂರನೇ ವರ್ಷ ಮುಗಿಸಿದ ಮಗಳು ಆನರ್ಸ್ ಅಂದರೆ, ಅದು ಫೇಲಾದವರಿಗೆ ಇನ್ನೊಂದು ವರ್ಷವೇನು ಎಂದು ಕೇಳುವ ತಂದೆಯರಿದ್ದಾರೆ! ಅವರನ್ನು ದೂಷಿಸಿ ಫಲವಿಲ್ಲ. ಅವರಿಗೆ ವಿವರಿಸಿ ಹೇಳಬೇಕಾಗಿದ್ದ ಕಾಲೇಜುಗಳೇ ಕೈಚೆಲ್ಲಿದವು. ಸಂಶೋಧನೆಯುಕ್ತ ಆನರ್ಸ್ ಪದವಿಗೆ ಆರು ಸೆಮಿಸ್ಟರ್‌ಗಳಲ್ಲಿ ಶೇ. 75 ಅಂಕಗಳಿರಬೇಕು, 12 ಕ್ರೆಡಿಟ್‌ಗಳ ಸ್ವತಂತ್ರ ಸಂಶೋಧನಾ ಪ್ರಬಂಧ ಬರೆಯಬೇಕು. ಅದನ್ನು ನಡೆಸುವ ವಿಭಾಗದಲ್ಲಿ ಪಿಎಚ್‌ಡಿ ಮಾರ್ಗದರ್ಶನದ ಮಾನ್ಯತೆಯುಳ್ಳ ಕನಿಷ್ಠ ಇಬ್ಬರು ಖಾಯಂ ಅಧ್ಯಾಪಕರಿರಬೇಕು. ತಾಲೂಕು ಕೇಂದ್ರದ ಎಷ್ಟು ಸರಕಾರಿ ಕಾಲೇಜುಗಳು ಈ ಷರತ್ತನ್ನು ಪೂರೈಸಬಲ್ಲವು? ಕಾಗದದ ಮೇಲಿನ ಅವಕಾಶವು ಬೆಂಗಳೂರಿನ ಖಾಸಗಿ ಕಾಲೇಜಿನ ಮಗುವಿಗೆ ದಕ್ಕಿತು, ಮದ್ದೂರಿನ ಮಗುವಿಗೆ ದಕ್ಕಲಿಲ್ಲ ಎಂಬುದೇ ಇದರ ಒಟ್ಟು ತಾತ್ಪರ್ಯ.

ಹಾಗೆಂದು ಮದ್ದೂರು-ಮಂಡ್ಯದ ಮಣ್ಣಿಗೆ ಸಂಶೋಧನೆ ಅಪರಿಚಿತವಲ್ಲ. ಈ ಜಿಲ್ಲೆಯನ್ನು ಬದಲಿಸಿದ್ದೇ ಸಂಶೋಧನೆ. ಕೃಷ್ಣರಾಜಸಾಗರದ ನೀರು ನಾಲೆಗಳಲ್ಲಿ ಹರಿದು ಬಂದ ಕಾಲದಲ್ಲಿ, ಕೆನಡಾದಿಂದ ಬಂದು ಮೈಸೂರು ಸಂಸ್ಥಾನದ ಕೃಷಿ ನಿರ್ದೇಶಕರಾಗಿದ್ದ ಕೀಟಶಾಸ್ತ್ರಜ್ಞ ಲೆಸ್ಲಿ ಕೋಲ್ಮನ್ ಮಂಡ್ಯದ ಸಕ್ಕರೆ ಕಾರ್ಖಾನೆಯ ಸ್ಥಾಪನೆಗೆ ಶ್ರಮಿಸಿದರು. ಅದು 1933ರಲ್ಲಿ ಆರಂಭವಾಯಿತು. ಮಂಡ್ಯದ ಬಳಿಯ ವಿ.ಸಿ. ಫಾರ್ಮ್‌ನಲ್ಲಿ ಭತ್ತ, ಕಬ್ಬುಗಳ ತಳಿಗಳ ಮೇಲೆ ದಶಕಗಳಿಂದ ಪ್ರಯೋಗಗಳು ನಡೆದು ಬಂದಿವೆ. 1990ರ ದಶಕದಲ್ಲಿ ಕೆಆರ್‌ಎಚ್-1, ಕೆಆರ್‌ಎಚ್-2 ಎಂಬ ಸಂಕರಣ ಭತ್ತದ ತಳಿಗಳು ಹೊರಬಂದುದು ಅಲ್ಲಿಂದಲೇ. ಈ ಸಂಕರಣ ಭತ್ತದ ಹಿಂದಿದ್ದ ಡಾ. ಎಂ. ಮಹದೇವಪ್ಪನವರು ಚಾಮರಾಜನಗರ ಕಡೆಯ ಮಾದಾಪುರವೆಂಬ ಹಳ್ಳಿಯವರು. ಧಾರವಾಡ ಕೃಷಿ ವಿಶ್ವವಿದ್ಯಾನಿಲಯದ ಕುಲಪತಿಯಾಗಿ, ಪದ್ಮಭೂಷಣ ಪುರಸ್ಕೃತರಾಗಿ 2021ರಲ್ಲಿ ತೀರಿಕೊಂಡರು. ಹಳ್ಳಿಯಲ್ಲಿ ಹುಟ್ಟಿದ್ದು ಅವರಿಗೆ ತೊಡಕಾಗಲಿಲ್ಲ.

ಇನ್ನು ಮಳವಳ್ಳಿ ತಾಲೂಕಿನ ಕಿರುಗಾವಲಿಗೆ ಹೋದರೆ ಸೈಯದ್ ಘನಿ ಖಾನ್ ಎಂಬ ರೈತರ ತೋಟವಿದೆ. ನೂರಾರು ನಾಟಿ ಭತ್ತದ ತಳಿಗಳನ್ನು ವರ್ಷ ವರ್ಷವೂ ಬಿತ್ತಿ, ಬೆಳೆದು, ಬೀಜ ಉಳಿಸಿ ಕಾಪಾಡಿಕೊಂಡು ಬಂದವರು ಅವರು. ಅವರ ‘ಬಡಾ ಬಾಗ್’ನಲ್ಲಿ ನೂರಕ್ಕೂ ಹೆಚ್ಚು ಬಗೆಯ ಮಾವುಗಳಿವೆ, ಅದರ ಬೇರು ಟಿಪ್ಪುವಿನ ಕಾಲಕ್ಕೆ ಚಾಚಿಕೊಂಡಿದೆ ಎಂಬುದು ಕುಟುಂಬದ ಹೇಳಿಕೆ. ದೇಶದ ನಾನಾ ಭಾಗಗಳ ವಿಜ್ಞಾನಿಗಳು, ವಿದ್ಯಾರ್ಥಿಗಳು ಅಲ್ಲಿಗೆ ಬಂದು ಹೋಗುತ್ತಾರೆ. ನಮ್ಮ ಸಮುದಾಯದ ಎಷ್ಟು ಕಾಲೇಜು ವಿದ್ಯಾರ್ಥಿಗಳನ್ನು ನಮ್ಮ ಸಂಘಟನೆಗಳು ಒಂದು ದಿನದ ಮಟ್ಟಿಗಾದರೂ ಅಲ್ಲಿಗೆ ಕರೆದುಕೊಂಡು ಹೋಗಿವೆ? ದರ್ಗಾಗಳಿಗೆ ಬಸ್ಸು ಮಾಡಿಕೊಂಡು ಹೋಗುವ ಉತ್ಸಾಹದ ಹತ್ತರಲ್ಲೊಂದು ಪಾಲು ಸಾಕಿತ್ತು.

ಗೆಜ್ಜಲಗೆರೆಯನ್ನೇ ನೋಡಿ. ಹೆದ್ದಾರಿಯಲ್ಲಿ ಹೋಗುವವರಿಗೆ ಅದು ಮಂಡ್ಯ ಜಿಲ್ಲಾ ಹಾಲು ಒಕ್ಕೂಟದ ಡೇರಿಯಿರುವ ಊರು, ಕೈಗಾರಿಕಾ ಪ್ರದೇಶವಿರುವ ಊರು. ಹಾಲು ಎಂದೊಡನೆ ನಮಗೆ ನೆನಪಾಗುವುದು ಟ್ಯಾಂಕರ್ ಚಾಲಕ, ಲೋಡಿಂಗ್ ಕೆಲಸ, ಹೆಚ್ಚೆಂದರೆ ಏಜೆನ್ಸಿ. ಆದರೆ ಆ ಗೋಡೆಗಳ ಒಳಗೆ ಸೂಕ್ಷ್ಮಜೀವಿ ಶಾಸ್ತ್ರ ಓದಿದವರು, ರಸಾಯನಶಾಸ್ತ್ರ ಓದಿದವರು, ಡೇರಿ ತಂತ್ರಜ್ಞರು, ಲೆಕ್ಕಪರಿಶೋಧಕರು, ಶೈತ್ಯೀಕರಣದ ಎಂಜಿನಿಯರ್‌ಗಳು ಬೇಕು. 2021ರಲ್ಲಿ ಇದೇ ಒಕ್ಕೂಟಕ್ಕೆ ಬರುತ್ತಿದ್ದ ಟ್ಯಾಂಕರ್‌ಗಳಲ್ಲಿ ಗುಪ್ತ ಕೋಶಗಳನ್ನಿರಿಸಿ ಹಾಲಿಗೆ ನೀರು ಬೆರೆಸಿದ ಹಗರಣ ಬೆಳಕಿಗೆ ಬಂದಾಗ ಜಿಲ್ಲೆಯ ಹೈನುಗಾರ ಬೆಚ್ಚಿಬಿದ್ದ. ಹಾಲಿನಲ್ಲಿ ಬೆರೆತ ನೀರನ್ನು, ಯೂರಿಯಾವನ್ನು, ಡಿಟರ್ಜೆಂಟನ್ನು ಹಳ್ಳಿಯ ಸಂಗ್ರಹಣಾ ಕೇಂದ್ರದಲ್ಲಿಯೇ ಅಗ್ಗದಲ್ಲಿ ಪತ್ತೆ ಹಚ್ಚುವ ವಿಧಾನವೊಂದನ್ನು ಬಿಎಸ್ಸಿ ಅಂತಿಮ ವರ್ಷದ ವಿದ್ಯಾರ್ಥಿನಿಯೊಬ್ಬಳು ತನ್ನ ಪ್ರಬಂಧದ ವಿಷಯವಾಗಿ ಎತ್ತಿಕೊಂಡರೆ ಅದಕ್ಕೆ ಅಮೆರಿಕಾಕ್ಕೆ ಹೋಗಬೇಕಾಗಿಲ್ಲ. ಮಾದರಿ ಹಾಲು ಪಕ್ಕದ ಮನೆಯಲ್ಲಿಯೇ ಇದೆ. ಬೆಂಗಳೂರಿನ ಆಡುಗೋಡಿಯಲ್ಲಿ ರಾಷ್ಟ್ರೀಯ ಡೇರಿ ಸಂಶೋಧನಾ ಸಂಸ್ಥೆಯ ದಕ್ಷಿಣ ಕೇಂದ್ರವಿದೆ. 1927ರಲ್ಲಿ ಗಾಂಧೀಜಿಯವರು ಅನಾರೋಗ್ಯದ ವಿಶ್ರಾಂತಿಗೆಂದು ಬೆಂಗಳೂರಿಗೆ ಬಂದಿದ್ದಾಗ ಹಸು ಸಾಕಣೆಯ ಪಾಠ ಕಲಿಯಲು ವಿದ್ಯಾರ್ಥಿಯಂತೆ ಹೋಗುತ್ತಿದ್ದುದು ಆ ಆವರಣಕ್ಕೇ. ಹೆಬ್ಬಾಳದಲ್ಲಿ ಡೇರಿ ವಿಜ್ಞಾನ ಮಹಾವಿದ್ಯಾಲಯವಿದೆ. ಮೈಸೂರಿನಲ್ಲಿ 1950ರಿಂದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯಿದ್ದು, ಅಲ್ಲಿ ಆಹಾರ ತಂತ್ರಜ್ಞಾನದ ಎಂಎಸ್ಸಿ ವ್ಯಾಸಂಗವೂ ಇದೆ. ಹೀಗೆ ಹೆದ್ದಾರಿಯ ಎರಡೂ ತುದಿಗಳಲ್ಲಿ ಸಂಶೋಧನಾಲಯಗಳಿದ್ದು, ನಟ್ಟ ನಡುವಿನಲ್ಲಿರುವವರು ನಾವು.

ಕಲಾ ವಿಭಾಗದವರಿಗೆ ಏನಿದೆ ಎಂದು ಕೇಳಬಹುದು. ಹೆದ್ದಾರಿಯೇ ಒಂದು ವಿಷಯ. ಅದು ತೆರೆದ ಬಳಿಕ ಹಳೆಯ ರಸ್ತೆಯ ಬದಿಯಲ್ಲಿ ಮದ್ದೂರು ವಡೆ ಮಾರುವವರ, ಚನ್ನಪಟ್ಟಣದ ಗೊಂಬೆ ಅಂಗಡಿಗಳವರ ವ್ಯಾಪಾರ ಏನಾಯಿತು? ಆ ಅರಗಿನ ಗೊಂಬೆಗಳ ಕುಶಲಕರ್ಮಿಗಳಲ್ಲಿ ದೊಡ್ಡ ಪಾಲು ಮುಸ್ಲಿಮರೇ. 2023ರ ಆಗಸ್ಟ್‌ನಿಂದ ಮುಖ್ಯ ಪಥದಲ್ಲಿ ದ್ವಿಚಕ್ರ ವಾಹನಗಳನ್ನು ನಿಷೇಧಿಸಿದ ಮೇಲೆ ಗಾರ್ಮೆಂಟ್ಸ್‌ಗೆ ದುಡಿಯಲು ಹೋಗುವ ಹುಡುಗರ ಪ್ರಯಾಣ ಹೇಗಾಗಿದೆ? ರಾಮನಗರದ ರೇಷ್ಮೆ ಗೂಡಿನ ಮಾರುಕಟ್ಟೆಯನ್ನು ನಂಬಿದ ನೂಲು ಬಿಚ್ಚುವ ಕುಟುಂಬಗಳ ಸಾಲದ ಸ್ಥಿತಿಯೇನು? ಇಂತಹ ಪ್ರಶ್ನೆಗಳಿಗೆ ಅಂಕಿ ಅಂಶ ಸಹಿತ ಉತ್ತರ ನಮ್ಮ ಬಳಿ ಇಲ್ಲದ ಕಾರಣಕ್ಕಾಗಿಯೇ ಪ್ರತಿಯೊಂದು ಮನವಿ ಪತ್ರದಲ್ಲಿಯೂ ನಾವು 2006ರ ಸಾಚಾರ್ ವರದಿಯ ಅದೇ ಹಳೆಯ ವಾಕ್ಯಗಳನ್ನು ಉದ್ಧರಿಸುತ್ತಿದ್ದೇವೆ. ಪ್ರತಿಷ್ಠಿತ ಕಾಲೇಜುಗಳಲ್ಲಿ ಪದವಿ ಓದುವ 25 ಮಂದಿಯಲ್ಲಿ ಒಬ್ಬ, ಸ್ನಾತಕೋತ್ತರದ 50 ಮಂದಿಯಲ್ಲಿ ಒಬ್ಬ ಮಾತ್ರ ಮುಸ್ಲಿಮ್ ಎಂದು ಆ ವರದಿ ಹೇಳಿತ್ತು. ಹದಿನಾಲ್ಕು ವರ್ಷಗಳ ಬಳಿಕ, 2020-21ರ ಅಖಿಲ ಭಾರತ ಉನ್ನತ ಶಿಕ್ಷಣ ಸಮೀಕ್ಷೆಯ ಪ್ರಕಾರ ಉನ್ನತ ಶಿಕ್ಷಣದಲ್ಲಿ ಮುಸ್ಲಿಮರ ಪಾಲು ಶೇ. 4.6. ಅದರ ಹಿಂದಿನ ವರ್ಷ ಅದು ಶೇ. 5.5 ಇತ್ತು. ಜನಸಂಖ್ಯೆಯಲ್ಲಿ ಶೇ. 14ರಷ್ಟಿರುವ ಸಮುದಾಯವೊಂದು ಹಿಂದಕ್ಕೆ ನಡೆಯಿತು!

ಈ ಹಿನ್ನಡೆಯಲ್ಲಿ ಕೇಂದ್ರ ಸರಕಾರದ ಪಾತ್ರವನ್ನು ಹೇಳದಿರುವುದು ಅಪ್ರಾಮಾಣಿಕತೆಯಾದೀತು. ಸಾಚಾರ್ ವರದಿಯ ಹಿನ್ನೆಲೆಯಲ್ಲಿ 2009ರಲ್ಲಿ ಆರಂಭವಾದ ಮೌಲಾನಾ ಆಝಾದ್ ರಾಷ್ಟ್ರೀಯ ಫೆಲೋಶಿಪ್, ಅಲ್ಪಸಂಖ್ಯಾತ ಸಂಶೋಧನಾರ್ಥಿಗಳಿಗೆ ಇದ್ದ ದೊಡ್ಡ ಆಸರೆ. ಸರಕಾರವೇ ಲೋಕಸಭೆಗೆ ನೀಡಿದ ಮಾಹಿತಿಯಂತೆ 2014-15ರಿಂದ 2021-22ರ ವರೆಗೆ 6,722 ಮಂದಿ ಆಯ್ಕೆಯಾಗಿದ್ದರು, 738.85 ಕೋಟಿ ರೂಪಾಯಿ ವಿತರಣೆಯಾಗಿತ್ತು. ಇತರ ಯೋಜನೆಗಳೊಂದಿಗೆ ಇದು ಪುನರಾವರ್ತನೆಯಾಗುತ್ತದೆಂಬ ಕಾರಣ ನೀಡಿ 2022ರ ಡಿಸೆಂಬರ್‌ನಲ್ಲಿ ಇದನ್ನು ನಿಲ್ಲಿಸಲಾಯಿತು. ಈಗಾಗಲೇ ಆಯ್ಕೆಯಾದವರೂ 2025ರಲ್ಲಿ ತಿಂಗಳುಗಟ್ಟಲೆ ಹಣ ಬಾರದೆ ಬೀದಿಗಿಳಿಯಬೇಕಾಯಿತು. ಒಬ್ಬ ವಿದ್ಯಾರ್ಥಿ ಎರಡು ಫೆಲೋಶಿಪ್ ಪಡೆಯುವುದನ್ನು ತಡೆಯಬೇಕಿದ್ದರೆ ಅದಕ್ಕೆ ಒಂದು ನಿಯಮ ಸಾಕಾಗಿತ್ತು. ಎಂಟು ಕೋಟಿ ರೂಪಾಯಿಯಲ್ಲ, ಎಂಟು ಸಾವಿರ ಕೋಟಿಯ ರಸ್ತೆಗೆ ಹಣವಿರುವ ದೇಶದಲ್ಲಿ ವರ್ಷಕ್ಕೆ ನೂರು ಕೋಟಿಯ ಫೆಲೋಶಿಪ್ ಭಾರವಾಯಿತೇ? ರಾಜ್ಯದ ಅಲ್ಪಸಂಖ್ಯಾತರ ನಿರ್ದೇಶನಾಲಯವು ಪಿಎಚ್‌ಡಿ ವಿದ್ಯಾರ್ಥಿಗಳಿಗೆ ನೀಡುವ ನೆರವು ಕೂಡಾ ಸರಕಾರ ಬದಲಾದಂತೆ ಏರಿಳಿಯುತ್ತಾ ಬಂದಿದೆ. ಸಂಶೋಧನೆಗೆ ಐದು ವರ್ಷ ಬೇಕು; ಬಜೆಟ್‌ನ ಮರ್ಜಿಯ ಮೇಲೆ ಅದನ್ನು ನಡೆಸಲಾಗದು.

ಹೆಣ್ಣುಮಕ್ಕಳ ವಿಚಾರವನ್ನು ಪ್ರತ್ಯೇಕವಾಗಿ ಹೇಳಬೇಕಾಗಿದೆ. ಉನ್ನತ ಶಿಕ್ಷಣದಲ್ಲಿರುವ ಮುಸ್ಲಿಮರಲ್ಲಿ ಸರಿಸುಮಾರು ಅರ್ಧದಷ್ಟು ಹೆಣ್ಣುಮಕ್ಕಳಿದ್ದಾರೆ. 2022ರ ಫೆಬ್ರವರಿಯಲ್ಲಿ ಮಂಡ್ಯದ ಕಾಲೇಜಿನ ಆವರಣದಲ್ಲಿ ಬುರ್ಖಾ ಧರಿಸಿದ ವಿದ್ಯಾರ್ಥಿನಿಯನ್ನು ಕೇಸರಿ ಶಾಲಿನ ಗುಂಪು ಸುತ್ತುವರಿದ ದೃಶ್ಯವನ್ನು ಜಗತ್ತೇ ನೋಡಿತು. ಶಿರವಸ್ತ್ರದ ವಿವಾದದಲ್ಲಿ ಎಷ್ಟೋ ಹುಡುಗಿಯರು ಪರೀಕ್ಷೆ ಬರೆಯದೆ ಉಳಿದರು. ಅಂದು ಅವರ ಪರವಾಗಿ ಭಾಷಣ ಮಾಡಿದ ಹಿರಿಯರು, ಇಂದು ಅದೇ ಹುಡುಗಿ ವಿ.ಸಿ. ಫಾರ್ಮ್‌ನಲ್ಲಿ ಎರಡು ತಿಂಗಳ ತರಬೇತಿಗೆ ಹೋಗುತ್ತೇನೆಂದರೆ, ಮೈಸೂರಿನ ಹಾಸ್ಟೆಲ್‌ನಲ್ಲಿದ್ದು ಎಂಎಸ್ಸಿ ಓದುತ್ತೇನೆಂದರೆ ಏನೆನ್ನುತ್ತಾರೆ? ಒಳ್ಳೆಯ ಸಂಬಂಧ ಬಂದಿದೆ, ಓದು ಅವರ ಮನೆಯಲ್ಲಿ ಮುಂದುವರಿಯಲಿ ಎನ್ನುತ್ತಾರೆ. ಆ ಓದು ಮುಂದುವರಿದ ಮನೆಗಳೆಷ್ಟು? ಕಾಲೇಜಿನ ದ್ವಾರದಲ್ಲಿ ತಡೆದವರನ್ನು ಪ್ರಶ್ನಿಸುವ ಹಕ್ಕು ನಮಗಿದೆ. ಮನೆಯ ದ್ವಾರದಲ್ಲಿ ತಡೆಯುವವರನ್ನೂ ಪ್ರಶ್ನಿಸಬೇಕಾಗುತ್ತದೆ. ಪ್ರವಾದಿ ಮುಹಮ್ಮದ್(ಸ)ರು ಜ್ಞಾನಾರ್ಜನೆಯನ್ನು ಗಂಡು ಹೆಣ್ಣೆಂಬ ಭೇದವಿಲ್ಲದೆ ಹೊಣೆಯನ್ನಾಗಿಸಿದರೆಂದು ನಾವು ವೇದಿಕೆಗಳಲ್ಲಿ ಹೇಳುತ್ತೇವೆ. ಮದುವೆಯ ಮಾತುಕತೆಯ ಚಾಪೆಯ ಮೇಲೆ ಕೂತಾಗ ಅದು ನೆನಪಾಗುವುದಿಲ್ಲ.

ಗಂಡುಮಕ್ಕಳ ಸ್ಥಿತಿ ಇದಕ್ಕಿಂತಲೂ ಕಳವಳಕಾರಿ. 2025ರ ಸೆಪ್ಟೆಂಬರ್‌ನಲ್ಲಿ ಮದ್ದೂರಿನಲ್ಲಿ ಗಣೇಶ ಮೆರವಣಿಗೆಯ ವೇಳೆ ಕಲ್ಲು ತೂರಾಟ ನಡೆದು ಹಲವರ ಬಂಧನವಾಯಿತು. ಯಾರು ತಪ್ಪಿತಸ್ಥರೆಂಬುದನ್ನು ನ್ಯಾಯಾಲಯ ನಿರ್ಧರಿಸಲಿ. ನಿರಪರಾಧಿಯಾದವನಿಗೆ ಕಾನೂನಿನ ನೆರವು ಸಿಗಬೇಕು, ಅಪರಾಧಿಯಾದವನು ಯಾವ ಕಡೆಯವನಾದರೂ ಶಿಕ್ಷೆಯನ್ನನುಭವಿಸಬೇಕು. ಆದರೆ ಹದಿನೆಂಟರ, ಇಪ್ಪತ್ತರ ಹರೆಯದಲ್ಲಿ ಎಫ್‌ಐಆರ್‌ನಲ್ಲಿ ಹೆಸರು ಸೇರಿದವನ ಪಾಸ್‌ಪೋರ್ಟ್, ಸರಕಾರಿ ನೌಕರಿಯ ಪೊಲೀಸ್ ಪರಿಶೀಲನೆ ಇವೆಲ್ಲ ವರ್ಷಗಟ್ಟಲೆ ತೂಗುಯ್ಯಾಲೆಯಲ್ಲಿರುತ್ತವೆ ಎಂಬುದನ್ನು ಆ ಹರೆಯದವರಿಗೆ ಹೇಳುವವರು ಬೇಕು. ಸಂಜೆ ಹೊತ್ತು ರಸ್ತೆಯ ತಿರುವಿನಲ್ಲಿ ನಿಲ್ಲುವ ಹುಡುಗನ ಕೈಗೆ ಯಾರಾದರೂ ಒಂದು ಅರ್ಜಿ ನಮೂನೆಯನ್ನು ಕೊಟ್ಟಿದ್ದರೆ?

ಅಂತಹ ಅರ್ಜಿಗಳು ಇವೆ. ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಜಂಟಿಯಾಗಿ ಪದವಿ ವಿದ್ಯಾರ್ಥಿಗಳಿಗೆ ಬೇಸಿಗೆಯ ಎರಡು ತಿಂಗಳ ಸಂಶೋಧನಾ ಫೆಲೋಶಿಪ್ ನೀಡುತ್ತವೆ. ವಿದ್ಯಾರ್ಥಿಯು ಹೆಸರಾಂತ ವಿಜ್ಞಾನಿಯೊಬ್ಬರ ಪ್ರಯೋಗಾಲಯದಲ್ಲಿ ಕೆಲಸ ಮಾಡಬಹುದು, ಭತ್ಯೆಯೂ ಇದೆ. ಅದರ ಕಚೇರಿ ಇರುವುದು ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿಯಲ್ಲಿ. ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿಯೂ ಇಂತಹದೇ ಕಾರ್ಯಕ್ರಮವಿದೆ. ಐಐಟಿಗಳಲ್ಲಿ ಎಂಎಸ್ಸಿ ಓದಲು ‘ಜಾಮ್’ ಪರೀಕ್ಷೆ, ಕೇಂದ್ರೀಯ ವಿಶ್ವವಿದ್ಯಾನಿಲಯಗಳ ಸ್ನಾತಕೋತ್ತರ ತರಗತಿಗಳಿಗೆ ಸಿಯುಇಟಿ ಪರೀಕ್ಷೆ ಬರೆಯಬೇಕು. ಪಿಯುಸಿಯಲ್ಲಿ ತನ್ನ ಮಂಡಳಿಯ ಮೊದಲ ಶೇ. 1ರೊಳಗೆ ಬಂದು ಮೂಲ ವಿಜ್ಞಾನ ಓದುವವರಿಗೆ ‘ಇನ್‌ಸ್ಪೈರ್’ ಯೋಜನೆಯಲ್ಲಿ ವರ್ಷಕ್ಕೆ 80,000 ರೂಪಾಯಿಗಳ ವಿದ್ಯಾರ್ಥಿವೇತನವಿದೆ. ಸರಕಾರಿ ಶಾಲೆಯಲ್ಲಿ ಓದಿ ಪದವಿಗೆ ಸೇರುವ ಹೆಣ್ಣುಮಕ್ಕಳಿಗೆ ಅಝೀಮ್ ಪ್ರೇಮ್‌ಜಿ ಫೌಂಡೇಶನ್ ವರ್ಷಕ್ಕೆ 30,000 ರೂಪಾಯಿ ನೀಡುತ್ತಿದೆ. ಇವುಗಳಲ್ಲಿ ಯಾವುದಕ್ಕೂ ಶಿಫಾರಸು ಪತ್ರ ಹಿಡಿದುಕೊಂಡು ಶಾಸಕರ ಮನೆ ಬಾಗಿಲಲ್ಲಿ ಕಾಯಬೇಕಾಗಿಲ್ಲ. ಬೇಕಾದುದು ಅಂಕಪಟ್ಟಿ, ಅಧ್ಯಾಪಕರೊಬ್ಬರ ಪತ್ರ, ತಾನೇನು ತಿಳಿಯಬಯಸುತ್ತೇನೆಂಬುದನ್ನು ಒಂದು ಪುಟದಲ್ಲಿ ಬರೆಯುವ ಶಕ್ತಿ. ಈ ಕೊನೆಯದರಲ್ಲಿಯೇ ನಮ್ಮ ಮಕ್ಕಳು ಸೋಲುತ್ತಿರುವುದು. ಮನೆಯಲ್ಲಿ ಉರ್ದು, ಶಾಲೆಯಲ್ಲಿ ಕನ್ನಡ, ಕಾಲೇಜಿನಲ್ಲಿ ಇಂಗ್ಲಿಷ್ ಎಂಬ ಮೂರು ದೋಣಿಗಳಲ್ಲಿ ಕಾಲಿಟ್ಟು ಯಾವ ಭಾಷೆಯಲ್ಲಿಯೂ ಒಂದು ಪುಟ ಬರೆಯಲಾಗದವರು ಅಂಕ ಗಳಿಸಿಯೂ ಹೊರಗುಳಿಯುತ್ತಾರೆ. ಸಾವಿರ ವರ್ಷಗಳ ಹಿಂದೆ ಅಲ್‌ಬಿರೂನಿ ಭಾರತವನ್ನು ಅರಿಯುವುದಕ್ಕಾಗಿ ಸಂಸ್ಕೃತ ಕಲಿತರು. ನೆರೆಮನೆಯವರ ಭಾಷೆಯಾದ ಕನ್ನಡವನ್ನು ಚೆನ್ನಾಗಿ ಬರೆಯಲು ಕಲಿಯುವುದು ನಮಗೆ ಅಷ್ಟು ಕಷ್ಟವೇ?

ಜಮಾಅತ್‌ಗಳು ಇಲ್ಲಿ ಮಾಡಬಹುದಾದುದು ದೊಡ್ಡ ಮೊತ್ತದ ಕೆಲಸವಲ್ಲ. ಮಸೀದಿಯ ಮಿನಾರಕ್ಕೆ ಮತ್ತೊಮ್ಮೆ ಬಣ್ಣ ಬಳಿಯುವ, ಶಾದಿ ಮಹಲ್‌ಗೆ ಹವಾನಿಯಂತ್ರಕ ಹಾಕಿಸುವ ವೆಚ್ಚದಲ್ಲಿ ಒಂದು ಸಣ್ಣ ಪಾಲನ್ನು ತೆಗೆದಿರಿಸಿ, ಮೊಹಲ್ಲಾದ ಪದವಿ ವಿದ್ಯಾರ್ಥಿಗಳ ಪಟ್ಟಿಯೊಂದನ್ನು ಮಾಡಲಿ. ಯಾರು ಯಾವ ವಿಷಯ ಓದುತ್ತಿದ್ದಾರೆ, ಎಷ್ಟು ಅಂಕ ಗಳಿಸಿದ್ದಾರೆ ಎಂಬುದು ಮುತವಲ್ಲಿಯವರಿಗೆ ತಿಳಿದಿರಲಿ. ಜಿಲ್ಲೆಯಲ್ಲಿರುವ ಅಧ್ಯಾಪಕರನ್ನು, ವಿ.ಸಿ. ಫಾರ್ಮ್‌ನ ವಿಜ್ಞಾನಿಗಳನ್ನು, ಅವರು ಯಾವ ಧರ್ಮದವರೇ ಇರಲಿ, ಶುಕ್ರವಾರದ ಸಂಜೆ ಆಹ್ವಾನಿಸಿ ಮಕ್ಕಳೊಂದಿಗೆ ಕೂರಿಸಲಿ. ಝಕಾತ್‌ಗೆ ಅರ್ಹರಾದ ವಿದ್ಯಾರ್ಥಿಯ ಅರ್ಜಿ ಶುಲ್ಕ, ಬಸ್ಸು ಖರ್ಚು, ಎರಡು ತಿಂಗಳ ಹಾಸ್ಟೆಲ್ ಬಾಡಿಗೆಯನ್ನು ಬೈತುಲ್‌ಮಾಲ್ ಭರಿಸಲಿ. ಇದು ಸಾಲವೂ ಅಲ್ಲ, ಉಪಕಾರವೂ ಅಲ್ಲ, ಅವರ ಹಕ್ಕು.

ಬೇಸಿಗೆ ಫೆಲೋಶಿಪ್‌ನ ಅರ್ಜಿಗಳನ್ನು ಸಾಮಾನ್ಯವಾಗಿ ವರ್ಷ ಮುಗಿಯುವ ಮುನ್ನವೇ ಕರೆಯಲಾಗುತ್ತದೆ, ‘ಜಾಮ್’ನದ್ದು ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ. ಎನ್‌ಇಟಿ ವರ್ಷಕ್ಕೆರಡು ಬಾರಿ. ನಮ್ಮ ಕಮಿಟಿಗಳ ವಾರ್ಷಿಕ ಮಹಾಸಭೆಗಳು ನಡೆಯುವ ಹೊತ್ತಿಗೆ ಇವುಗಳಲ್ಲಿ ಹಲವದರ ಕೊನೆಯ ದಿನಾಂಕ ಕಳೆದಿರುತ್ತದೆ.